ಸೀಟಿನ ಪ್ಲಾಸ್ಟಿಕ್ ಬಿಚ್ಚದ ಗಾಡಿ

ಆಕ್ಲೆಂಡಿನ ಈಸ್ಟ್ ತಮಾಕಿಯಲ್ಲಿ ನಾನು ಕೆಲಸ ಮಾಡಿ ಬಿಟ್ಟ ವರ್ಕ್‌ಶಾಪಿಗೆ ಈಗ ಧಾರವಾಡದ ಕಡೆಯ ಹುಡುಗಿಯೊಬ್ಬಳು ಸೇರಿದ್ದಾಳೆ. ಯಾರಿಂದಲೋ ನನ್ನ ನಂಬರು ಹುಡುಕಿ ಫೋನ್ ಮಾಡಿದಳು. "ಗಫೂರ್ ಅಂಕಲ್, ನೀರಾಗ ನಿಂತ ಗಾಡಿ ಗುರ್ತು ಹಿಡಿಯೂದು ಹೆಂಗಂತ ನನಗ ಸ್ವಲ್ಪ ಬರದು ಕೊಡ್ರಿ" ಅಂದಳು. ಗುರುತು ಹಿಡಿಯುವುದೇನು ಮಹಾ, ತಂಗಿ. ಮೂಗು, ಟಾರ್ಚು, ಮೊಣಕಾಲಿನಲ್ಲಿ ಒಂದಿಷ್ಟು ಜೀವ ಇದ್ದರೆ ಅದು ತಾನಾಗಿ ಬರುತ್ತದೆ. ಗುರುತು ಹಿಡಿದ ಮೇಲೆ ಏನು ಮಾಡಬೇಕು ಅನ್ನುವುದು ಮಾತ್ರ ನನಗೆ ನಿವೃತ್ತಿಯಾದ ಮೇಲೂ ತಿಳಿದಿಲ್ಲ. ಅದನ್ನೇ ಬರೆಯುತ್ತೇನೆ. ಓದಿದರೆ ಧೈರ್ಯ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡ.

ನಾನು ಹಾವೇರಿಯವನು. ಅಪ್ಪನದು ಹೈವೇ ಪಕ್ಕದಲ್ಲಿ ಲಾರಿ ಗ್ಯಾರೇಜು. ಆಕ್ಲೆಂಡಿಗೆ ಬಂದ ಹೊಸದರಲ್ಲಿ ಲಾರಿ ಎಂಜಿನ್ ಬಿಚ್ಚಿ ಜೋಡಿಸುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಇರಲಿಲ್ಲ. ಈ ದೇಶದ ಅರ್ಧಕ್ಕರ್ಧ ಜನ ಓಡಿಸುವುದು ಜಪಾನಿನವರು ಓಡಿಸಿ ಬಿಟ್ಟ ಕಾರುಗಳನ್ನು. ಅವು ಹಡಗಿನಲ್ಲಿ ಬಂದು ಇಳಿಯುತ್ತವೆ. ಇಲ್ಲಿಯ ನಂಬರ್ ಪ್ಲೇಟು ಸಿಗುವ ಮುಂಚೆ ಯಾರಾದರೂ ಅವುಗಳ ಹೊಟ್ಟೆಯೊಳಗೆ ಕೈ ಹಾಕಿ ತುಕ್ಕು, ಏಟು, ನೀರು ಎಲ್ಲ ನೋಡಬೇಕು. ಆ ಕೈ ನನ್ನದಾಯಿತು. ಪ್ರಮೋಷನ್ನಿನ ಕಥೆ ಬೇಡ. ಸಿಕ್ಕಾಗಲೆಲ್ಲ ಜಾಕೆಟ್ಟಿನ ಬಣ್ಣ ಬದಲಾಯಿತು, ಮೊಣಕಾಲು ನೋವು ಅದೇ ಇತ್ತು.

ನನ್ನ ಮೇಲಿನವನು ಇದೇ ದೇಶದವನಾದ ಕೆವಿನ್. ಬಾಯಿ ಹೊಲಸು, ಕೆಲಸ ಚೊಕ್ಕ. ಮೊದಲ ವಾರ ನಾನು ಒಂದು ಕಾರಿನ ಡ್ಯಾಶ್‌ಬೋರ್ಡಿಗೆ ಟಾರ್ಚ್ ಬಿಟ್ಟುಕೊಂಡು ನಿಂತಿದ್ದಾಗ ಹಿಂದಿನಿಂದ ಬಂದು, ಮಾರುವವನು ತೊಳೆಯುವ ಜಾಗವನ್ನು ಯಾಕೆ ನೋಡುತ್ತೀಯ, ತೊಳೆಯಲು ಮರೆಯುವ ಜಾಗ ನೋಡು ಅಂತ ಬೈದ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆ. ಒಳಗೆ ಸುತ್ತಿಕೊಂಡಿದ್ದ ತುದಿಯಲ್ಲಿ ಕೊಳೆನೀರಿನ ಗೆರೆ ಇರುತ್ತದೆ. ಸ್ಟೆಪ್ನಿ ಎತ್ತಿ ಅದರ ಕೆಳಗಿನ ಗುಂಡಿಯಲ್ಲಿ ಬೆರಳಾಡಿಸು. ನುಣ್ಣನೆಯ ಕೆಸರು ಸಿಗುತ್ತದೆ. ಸೀಟಿನ ಕೆಳಗೆ ಬೋಲ್ಟು ನೋಡು, ಹಳದಿ ಬಣ್ಣದ ಕನೆಕ್ಟರು ನೋಡು. ಆ ಹಳದಿ ವೈರು ಏರ್‌ಬ್ಯಾಗಿಗೆ, ಬೆಲ್ಟಿಗೆ ಹೋಗುವಂಥದ್ದು. ಅದರ ಪಿನ್ನಿಗೆ ಹಸಿರು ಕಿಲುಬು ಹತ್ತಿದೆ ಅಂದರೆ ಆ ಗಾಡಿಯನ್ನು ನಂಬುವ ಹಾಗಿಲ್ಲ. ಕೆವಿನ್ ಕಲಿಸಿದ್ದು ಇಷ್ಟೇ, ಮಿಕ್ಕಿದ್ದೆಲ್ಲ ಬೈಗುಳ.

ಒಂದು ಸಲ ನಾನೇ ಪೇಚಿಗೆ ಸಿಕ್ಕಿಬಿದ್ದೆ. ಬಿಳಿ ವ್ಯಾನೊಂದು ಬಂದಿತ್ತು. ಬಾಗಿಲು ತೆಗೆದರೆ ವಾಂತಿ ಬರುವ ನಾತ. ಇದು ಪ್ರವಾಹದಲ್ಲಿ ಮುಳುಗಿದ್ದೇ ಸೈ ಅಂತ ಜೋರಾಗಿ ಹೇಳಿ ಫೇಲ್ ಮಾಡಿಬಿಟ್ಟೆ. ಕೆವಿನ್ ಬಂದು ಹಿಂದಿನ ಮುಚ್ಚಳ ಎತ್ತಿ, ಎರಡು ಬೆರಳಲ್ಲಿ ಹಿಡಿದು ಒಂದು ಚೀಲ ಹೊರಗೆ ತೆಗೆದ. ಜಪಾನಿನ ಯಾವನೋ ಪುಣ್ಯಾತ್ಮ ಮೀನು ಹಿಡಿಯಲು ಇಟ್ಟುಕೊಂಡಿದ್ದ ಎರೆ ಹಡಗಿನಲ್ಲಿ ಕೊಳೆತು ಬಂದಿತ್ತು. ಆಮೇಲೆ ಬಹಳ ದಿನ ವರ್ಕ್‌ಶಾಪಿನಲ್ಲಿ ನನ್ನ ಹೆಸರು ಮೀನಿನ ಎರೆ ಅಂತಲೇ ಆಯಿತು. ಮೂಗು ಅನುಮಾನ ಹುಟ್ಟಿಸಬಹುದು, ತೀರ್ಪು ಕೊಡಬೇಕಾದ್ದು ಕಬ್ಬಿಣ ಅಂತ ಅವತ್ತು ಗೊತ್ತಾಯಿತು.

ಈಗಿನವರಿಗೆ ಸ್ಕ್ಯಾನರ್ ಇದೆ. ಲ್ಯಾಪ್‌ಟಾಪ್ ಚುಚ್ಚಿ, ಎಲ್ಲ ಹಸಿರು ಬಂದರೆ ಟೀ ಕುಡಿಯಲು ಹೋಗುತ್ತಾರೆ. ನೀರು ಹೋಗಿ ಕೆಟ್ಟ ಕಂಪ್ಯೂಟರ್ ಡಬ್ಬಿ ತೆಗೆದು ಬೇರೆ ಡಬ್ಬಿ ಹಾಕಿದ್ದರೂ ಸ್ಕ್ಯಾನರ್ ಹಸಿರೇ ತೋರಿಸುತ್ತದೆ, ತಂಗಿ. ಅದಕ್ಕೆ ಮೊಣಕಾಲಿಲ್ಲ, ಅದು ಬಗ್ಗಿ ನೋಡುವುದಿಲ್ಲ.

ಮುಂದೆ ನಮ್ಮ ವರ್ಕ್‌ಶಾಪು ಇನ್ನೊಂದು ಕೆಲಸವನ್ನೂ ಶುರು ಮಾಡಿತು. ಹಳೆ ಕಾರು ಕೊಳ್ಳುವವರು ದುಡ್ಡು ಕಟ್ಟಿದರೆ ನಾವು ಹೋಗಿ ಆ ಕಾರು ನೋಡಿ ಬೇಕೋ ಬೇಡವೋ ಹೇಳುವುದು. ಕನ್ನಡ ಬರುತ್ತದೆ ಅಂತ ನಮ್ಮ ಕಡೆಯವರೆಲ್ಲ ನನ್ನನ್ನೇ ಕೇಳತೊಡಗಿದರು. ನಮ್ಮವರ ಎರಡು ಚಾಳಿ ನನಗೆ ಆಗ ಚೆನ್ನಾಗಿ ಪರಿಚಯವಾದವು.

ಮೊದಲನೆಯದು ಪ್ಲಾಸ್ಟಿಕ್ಕು. ಸೋಫಾ ತಂದರೆ ಅದರ ಕವರ್ ತೆಗೆಯುವುದಿಲ್ಲ. ಟಿವಿ ರಿಮೋಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ರಬ್ಬರ್ ಬ್ಯಾಂಡ್ ಹಾಕುತ್ತೇವೆ. ನಮ್ಮ ಮನೆಯಲ್ಲೂ ಹೆಂಡತಿ ಜುಬೇದಾ ಹಾಗೇ ಇಟ್ಟಿದ್ದಾಳೆ, ಬಟನ್ ಒತ್ತಲು ಹೆಬ್ಬೆರಳು ನೋಯುತ್ತದೆ. ಕಾರಿನ ಸೀಟಿನ ಮೇಲೆ ಪ್ಲಾಸ್ಟಿಕ್ ಇದ್ದರಂತೂ ನಮ್ಮವರ ಕಣ್ಣಿಗೆ ಅದು ಹೊಸ ಗಾಡಿಯೇ. ಎಷ್ಟು ಕೈ ದಾಟಿ ಬಂದಿದೆ ಅನ್ನುವುದು ಮರೆತುಹೋಗುತ್ತದೆ. ಇದನ್ನು ಮಾರುವವರು ಯಾವಾಗಲೋ ಕಂಡುಕೊಂಡರು. ಸೀಟಿಗೆ ಹೊಳೆಯುವ ಕವರ್ ಹಾಕಿಸಿ ಅಂಚು ಬಿಗಿದರೆ ಆಯಿತು. ನಾನು ಬಿಚ್ಚಲು ಹೋದರೆ ಕೊಳ್ಳುವವರೇ ನನ್ನ ಕೈ ಹಿಡಿಯುತ್ತಿದ್ದರು. "ಹರಿದೋಗುತ್ತೆ ಅಂಕಲ್, ಹಂಗೇ ಇರ್ಲಿ ಬಿಡಿ" ಅನ್ನುತ್ತಿದ್ದರು. ಅದರ ಕೆಳಗೆ ಹಸಿ ಇದ್ದರೆ ಅದು ಆರುವುದೇ ಇಲ್ಲ. ಬೇಸಿಗೆಯಲ್ಲಿ ಬೆವರುತ್ತದೆ, ಆ ನೀರು ಇಳಿದು ಇಳಿದು ಕೆಳಗಿನ ಹಳದಿ ಕನೆಕ್ಟರಿಗೆ ಹೋಗುತ್ತದೆ.

ಎರಡನೆಯದು ದೃಷ್ಟಿ. ಕೊಳ್ಳುವ ಮುಂಚೆ ನಾಲ್ಕು ಜನರಿಗೆ ತಿಳಿದರೆ ಕಣ್ಣು ತಾಗುತ್ತದೆ ಅಂತ ನಮ್ಮವರು ಸುದ್ದಿಯನ್ನೇ ಬಿಡುವುದಿಲ್ಲ. ಕಾರು ಮನೆಗೆ ಬಂದು, ನಿಂಬೆಹಣ್ಣು ಚಕ್ರದ ಕೆಳಗೆ ಒಡೆದು, ಇಲ್ಲವೇ ಲೋಬಾನದ ಹೊಗೆ ಹಾಕಿ ಮುಗಿದ ಮೇಲೆ ನನಗೆ ಫೋನು. "ಅಂಕಲ್, ಸುಮ್ನೆ ಬಂದು ಒಂದ್ಸಲ ನೋಡ್ಬಿಟ್ಟು ಹೋಗಿ." ಅವರಿಗೆ ಬೇಕಾದದ್ದು ನನ್ನ ತಪಾಸಣೆಯಲ್ಲ. ಒಳ್ಳೇ ಗಾಡಿ ಅನ್ನುವ ಎರಡು ಮಾತು ಬೇಕು, ಅದಕ್ಕೆ ಸಿಹಿ ತಟ್ಟೆ ಸಿದ್ಧವಾಗಿರುತ್ತದೆ. ಬಾಯಿಗೆ ಜಾಮೂನು ಇಟ್ಟವರ ಮುಂದೆ ನಿಮ್ಮ ಗಾಡಿ ಸತ್ತಿದೆ ಅಂತ ಹೇಳಿ ನೋಡು, ಆಗ ಗೊತ್ತಾಗುತ್ತದೆ.

ಇನ್ನು ಒಂದು ಬೆಳ್ಳಿ ಬಣ್ಣದ ಗಾಡಿಯ ವಿಷಯ. ನನ್ನ ಕೆಲಸದ ಕಥೆ ಅಂದರೆ ಕೊನೆಗೆ ಅದೊಂದೇ ಗಾಡಿಯ ಕಥೆ ಅಂತ ಈಗ ಅನ್ನಿಸುತ್ತದೆ.

ಏಳು ಸೀಟಿನ ಹೈಬ್ರಿಡ್ ಅದು. ಜಪಾನಿನಿಂದ ಬಂದಾಗ ನಾನೇ ನೋಡಿ ಪಾಸು ಮಾಡಿದ್ದೆ. ನೀರಿನ ಗುರುತು ಒಂದೂ ಇರಲಿಲ್ಲ, ಅಡಿಯಲ್ಲಿ ಹೊಸ ಪಾತ್ರೆಯ ಹಾಗಿತ್ತು. ಹಿಂದಿನ ಬಾಗಿಲಿನ ಗಾಜಿಗೆ ಒಳಗಿನಿಂದ ಯಾವುದೋ ಮಗು ಪಾಂಡಾ ಸ್ಟಿಕರ್ ಅಂಟಿಸಿತ್ತು. ನಾನು ಬ್ಲೇಡು ಹಿಡಿದು ಕೆರೆಯಲು ಹೋದೆ. ಒಂದು ಕಿವಿ ಕಿತ್ತು ಬಂತು, ಮಿಕ್ಕದ್ದು ಜಪ್ಪಯ್ಯ ಅನ್ನಲಿಲ್ಲ. ಸ್ಟಿಕರ್ ಕೆರೆಯಲು ನಿನಗೆ ಸಂಬಳ ಕೊಡುತ್ತಿಲ್ಲ ಅಂತ ಕೆವಿನ್ ಕೂಗಿದ. ಒಂದು ಕಿವಿಯ ಪಾಂಡಾ ಹಾಗೇ ಉಳಿಯಿತು.

ಆ ಗಾಡಿ ನಮ್ಮೂರಿನವನೇ ಆದ ಬಶೀರನ ಕೈಗೆ ಹೋಯಿತು. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಬೆಳೆದವನು, ಇಲ್ಲಿ ಹಿಲ್ಸ್‌ಬರೋದಲ್ಲಿ ಇಳಿಜಾರಿನ ಬುಡದಲ್ಲೊಂದು ಮನೆ ಬಾಡಿಗೆಗೆ ಹಿಡಿದಿದ್ದ. ಶುಕ್ರವಾರ ನಮಾಜಿಗೆ ನನ್ನನ್ನು ಅದರಲ್ಲೇ ಕರೆದುಕೊಂಡು ಹೋಗುತ್ತಿದ್ದ. ಮಕ್ಕಳು ಪಾಂಡಾಕ್ಕೆ ಒಂದು ಹೆಸರನ್ನೂ ಇಟ್ಟಿದ್ದರು.

ಆಮೇಲೆ ಆಕ್ಲೆಂಡಿನಲ್ಲಿ ಆ ಬೇಸಿಗೆಯ ಮಳೆ ಬಂತು. ಇಲ್ಲಿದ್ದವರಿಗೆ ಯಾವ ಮಳೆ ಅಂತ ಹೇಳಬೇಕಾಗಿಲ್ಲ. ಇಳಿಜಾರಿನ ನೀರೆಲ್ಲ ಬಶೀರನ ಅಂಗಳಕ್ಕೆ ಬಂದು ನಿಂತಿತು. ಮೂರನೇ ದಿನ ನಾನು ಹೋದಾಗ ಅವನು ಕಾರಿನ ಐದೂ ಬಾಗಿಲು ತೆರೆದು, ಮನೆಯ ಹೀಟರನ್ನು ವೈರು ಎಳೆದು ತಂದು ಒಳಗಿಟ್ಟಿದ್ದ. ಅವನ ಹೆಂಡತಿ ಶಮೀಮ್ ಒದ್ದೆ ಹಾಸಿಗೆಗಳನ್ನು ಬೇಲಿಯ ಮೇಲೆ ಹಾಕುತ್ತಿದ್ದಳು. ಸೀಟಿನ ಅರ್ಧದವರೆಗೆ ಕೊಳೆಯ ಗೆರೆ ಇತ್ತು.

"ಬಶೀರ್, ಇದು ಹೋತು ಅಂತ ತಿಳ್ಕೊ" ಅಂದೆ. "ಇನ್ಶೂರೆನ್ಸಿನವರಿಗೆ ಹೇಳು, ಅವರು ಒಯ್ತಾರ."

"ಥರ್ಡ್ ಪಾರ್ಟಿ ಅಷ್ಟ ಮಾಡ್ಸಿದ್ದೆ ಭಾಯ್" ಅಂದ. ಎದುರಿನವರ ಗಾಡಿಗೆ ಗುದ್ದಿದರೆ ಅವರಿಗೆ ಕೊಡುವ ಇನ್ಶೂರೆನ್ಸ್ ಅದು. ತನ್ನ ಗಾಡಿ ಮುಳುಗಿದರೆ ಏನೂ ಇಲ್ಲ.

ಇಲ್ಲೇ ಇರುವುದು ತೂತು, ತಂಗಿ, ಸರಿಯಾಗಿ ಕೇಳಿಸಿಕೋ. ಜಪಾನಿನಲ್ಲಿ ನೀರು ಕುಡಿದ ಗಾಡಿ ಬಂದರೆ ನಾವು ಹಿಡಿಯುತ್ತೇವೆ, ಅದರ ದಾಖಲೆಯಲ್ಲಿ ಗುರುತು ಬೀಳುತ್ತದೆ. ಇಲ್ಲಿ ಮುಳುಗಿದ ಗಾಡಿಗೆ ಇನ್ಶೂರೆನ್ಸ್ ದುಡ್ಡು ಕೊಟ್ಟರೂ ಗುರುತು ಬೀಳುತ್ತದೆ. ಜಪಾನಿನಿಂದ ಚೊಕ್ಕವಾಗಿ ಬಂದು, ಇಲ್ಲಿಯ ಯಾವನೋ ಬಡವನ ಅಂಗಳದಲ್ಲಿ ಮುಳುಗಿದ್ದಕ್ಕೆ ಯಾರೂ ಗುರುತು ಹಾಕುವುದಿಲ್ಲ. ಕೊಳ್ಳುವವರು ಗಾಡಿಯ ಸ್ಥಿತಿ ಬರೆದ ಜಪಾನಿನ ಹರಾಜಿನ ಕಾಗದ ನೋಡಿ ಖುಷಿಪಡುತ್ತಾರೆ. ಆ ಕಾಗದ ಸುಳ್ಳು ಹೇಳುವುದಿಲ್ಲ, ಅದಕ್ಕೆ ಹಿಲ್ಸ್‌ಬರೋದ ಮಳೆ ಗೊತ್ತಿಲ್ಲ ಅಷ್ಟೆ.

ಆ ವಾರ ಬೀದಿಬೀದಿಯಲ್ಲಿ ಯೂಟ್ ಅನ್ನುವ ಪಿಕಪ್ ಗಾಡಿ ಓಡಿಸಿಕೊಂಡು ಒದ್ದೆ ಕಾರು ಕೇಳುವವರು ತಿರುಗುತ್ತಿದ್ದರು. ಪಾರ್ಟ್ಸಿಗೆ ಮಾತ್ರ ಅನ್ನುತ್ತಿದ್ದರು. ಬಶೀರ್ ಕೊಟ್ಟುಬಿಟ್ಟ. ಹಾಸಿಗೆಯೇ ಇಲ್ಲದ ಮನೆಯಲ್ಲಿ ಮಕ್ಕಳನ್ನು ಇಟ್ಟುಕೊಂಡವನಿಗೆ ನಾನು ಏನು ಹೇಳಲಿ. ಮಕ್ಕಳು ಪಾಂಡಾಕ್ಕೆ ಟಾಟಾ ಮಾಡಿದರು. ಆ ತಿಂಗಳೇ ಅವರು ಹ್ಯಾಮಿಲ್ಟನ್ನಿಗೆ ಮನೆ ಬದಲಾಯಿಸಿದರು.

ಚಳಿಗಾಲ ಶುರುವಾಗುವ ಹೊತ್ತಿಗೆ ಮೈಸೂರಿನ ಒಬ್ಬ ಡಾಕ್ಟರು ನನ್ನನ್ನು ಒಂದು ಕಾರ್ ಯಾರ್ಡಿಗೆ ಕರೆದರು. ದೊಡ್ಡ ಆಸ್ಪತ್ರೆಯಲ್ಲಿ ಕೆಲಸ, ಸೌಮ್ಯ ಮನುಷ್ಯ. ದೃಷ್ಟಿಗಿಷ್ಟಿ ನಂಬದೆ ಕೊಳ್ಳುವ ಮುಂಚೆಯೇ ಕರೆದಿದ್ದರು. ಬೆಳ್ಳಿ ಬಣ್ಣದ ಹೈಬ್ರಿಡ್ ಫಳಫಳ ಹೊಳೆಯುತ್ತಿತ್ತು. ಸೀಟಿಗೆಲ್ಲ ಪ್ಲಾಸ್ಟಿಕ್ ಕವರ್. ಬೆಲ್ಟ್ ಎಳೆದೆ, ಹೊಸ ಬೆಲ್ಟು. ಸ್ಟೆಪ್ನಿಯ ಗುಂಡಿ ಒರೆಸಿಟ್ಟಿತ್ತು. ಲ್ಯಾಪ್‌ಟಾಪ್ ಚುಚ್ಚಿದೆ, ಎಲ್ಲ ಹಸಿರು. ಕೆಲಸ ಬಲ್ಲವನೇ ಮಾಡಿದ್ದಾನೆ ಅಂದುಕೊಂಡು ಹಿಂದಕ್ಕೆ ಸರಿದೆ. ಗಾಜಿನೊಳಗಿನಿಂದ ಒಂದು ಕಿವಿಯ ಪಾಂಡಾ ನನ್ನನ್ನು ನೋಡುತ್ತಿತ್ತು.

ಯಾರ್ಡಿನವನು ಬೇಡ ಬೇಡ ಅನ್ನುತ್ತಿದ್ದಂತೆಯೇ ಡ್ರೈವರ್ ಸೀಟಿನ ಕವರನ್ನು ಅಂಚಿನಿಂದ ಎಬ್ಬಿಸಿದೆ. ಕೆಳಗಿನ ಬಟ್ಟೆ ಒದ್ದೆಯಾಗಿತ್ತು. ಬಗ್ಗಿ ನೋಡಿದರೆ ಹಳದಿ ಕನೆಕ್ಟರಿನ ಪಿನ್ನಿನಲ್ಲಿ ಹಸಿರು.

"ಡಾಕ್ಟ್ರೇ, ಈ ಗಾಡಿ ಬ್ಯಾಡ್ರಿ."

"ಅಷ್ಟೇ ಸಾಕು" ಅಂದರು ಅವರು. ಯಾಕೆ ಏನು ಅಂತ ಒಂದು ಮಾತೂ ಕೇಳಲಿಲ್ಲ. ಮುಂದಿನ ವಾರ ಶೋರೂಮಿಗೆ ಹೋಗಿ ಹೊಸದನ್ನೇ ತಂದರು. ನನಗೆ ಒಂದು ಡಬ್ಬಿ ಮೈಸೂರುಪಾಕು ಕಳಿಸಿದರು. ಡಾಕ್ಟರು ಉಳಿದರು, ಗಾಡಿಯೂ ಉಳಿಯಿತು.

ನಾನು ಸುಮ್ಮನಿರಲಿಲ್ಲ. ಗಾಡಿಗಳ ದಾಖಲೆ ಇಡುವ ಆಫೀಸಿಗೆ ಫೋನ್ ಮಾಡಿ ದೂರು ಕೊಟ್ಟೆ. ಫೋನೆತ್ತಿದ ಹುಡುಗಿ ಒಳ್ಳೆಯವಳು, ತಾಳ್ಮೆಯಿಂದ ಕೇಳಿಸಿಕೊಂಡಳು. ಈ ಗಾಡಿ ಮುಳುಗಿದ್ದನ್ನು ಕಂಡವರು, ಅದರ ಆಗಿನ ಮಾಲೀಕರು ಬರೆದುಕೊಡಬಹುದೇ ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಬಶೀರನಿಗೆ ಫೋನ್ ಹಚ್ಚಿದೆ.

"ನನ್ನ ಹೆಸರು ಬ್ಯಾಡ ಭಾಯ್" ಅಂದ ಅವನು. "ನಾ ಪಾರ್ಟ್ಸಿಗಂತ ಕೊಟ್ಟೀನಿ. ಈಗ ಬರಕೊಟ್ರ, ಗೊತ್ತಿದ್ದೂ ಮಾರೀದಿ ಅಂತ ನನ್ನ ಕುತ್ತಿಗಿಗೇ ಬರ್ತೈತಿ. ಇಲ್ಲೇ ಕಾಯಂ ಇರಾಕ ನಮ್ಮ ರೆಸಿಡೆನ್ಸಿ ಇನ್ನೂ ಆಗಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ."

"ನಿನ್ನ ಮ್ಯಾಲ ಏನೂ ಬರಂಗಿಲ್ಲೋ" ಅಂದೆ.

"ಬರಂಗಿಲ್ಲಂತ ನೀವು ಬರಕೊಡ್ತೀರೇನು?"

ಫೋನ್ ಇಟ್ಟೆ. ನಾನು ನೋಡಿದ್ದನ್ನು ನಾನೇ ಬರೆದು ಕಳಿಸಿದೆ. ಮಾಲೀಕರ ಹೇಳಿಕೆಯಿಲ್ಲದೆ ಗುರುತು ಹಾಕಲಾಗದು ಅಂತ ಉತ್ತರ ಬಂತು. ಅಷ್ಟರಲ್ಲಿ ಆ ಗಾಡಿ ಯಾರ್ಡಿನಲ್ಲಿರಲಿಲ್ಲ. ಯಾರಿಗೋ ಹೋಯಿತಂತೆ. ಕೆವಿನ್‌ಗೆ ಹೇಳಿಕೊಂಡೆ. ಅವನಿಗೂ ಆಗ ರಿಟೈರಾಗುವ ಹೊತ್ತು. ಗಾಫ್ (ಅವನ ಬಾಯಲ್ಲಿ ಗಫೂರ್ ಅಷ್ಟೇ ಆಗಿತ್ತು), ಅಂದ, ನಾವಿಬ್ಬರೂ ಸೇರಿ ಒಂದೇ ಒಂದು ಕೆಟ್ಟ ಗಾಡಿಯನ್ನಾದರೂ ರಸ್ತೆಯಿಂದ ಇಳಿಸಿದ್ದೀವಾ, ಬೇಡ ಅಂತ ನಾವು ಹೇಳಿದ್ದೆಲ್ಲ ನಮ್ಮನ್ನು ಕರೆಸಲು ಗತಿಯಿಲ್ಲದವರ ಮನೆ ಸೇರುತ್ತದೆ. ಬೈಗುಳವಿಲ್ಲದೆ ಅವನು ಮಾತಾಡಿದ್ದನ್ನು ಕೇಳಿದ್ದು ಅದೊಂದೇ ಸಲ.

ವರ್ಷ ತಿರುಗಿತು. ಫ್ಲ್ಯಾಟ್ ಬುಷ್ ಬಡಾವಣೆಯಿಂದ ಶಾಲಿನಿ ಫೋನ್ ಮಾಡಿದಳು. ಹಾಸನದ ಹುಡುಗಿ, ನರ್ಸು. ಓಡಾಡಲಾಗದ ಮುದುಕರ ಮನೆಮನೆಗೆ ಹೋಗಿ ಗಾಯ ಕಟ್ಟಿ, ಇಂಜೆಕ್ಷನ್ ಕೊಟ್ಟು ಬರುವ ಕೆಲಸ. ಕಾರಿಲ್ಲದಿದ್ದರೆ ಆ ಕೆಲಸವೇ ಇಲ್ಲ. ಗಂಡ ಮಂಜುನಾಥ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಏಳು ವರ್ಷದ ಮಗಳು ನಿಧಿ. ಜುಬೇದಾಳ ಮೊಣಕಾಲು ಆಪರೇಷನ್ ಆದಾಗ ಈ ಹುಡುಗಿ ತನ್ನ ರಜೆಯ ದಿನ ಬಂದು ಡ್ರೆಸ್ಸಿಂಗ್ ಮಾಡಿ ಹೋಗುತ್ತಿದ್ದಳು, ಒಂದು ಡಾಲರು ಮುಟ್ಟಲಿಲ್ಲ.

"ಅಂಕಲ್, ಗಾಡಿ ತಗೊಂಡ್ವಿ. ಯಾರಿಗೂ ಹೇಳಿರ್ಲಿಲ್ಲ. ಆಂಟೀನೂ ಕರ್ಕೊಂಡ್ ಬನ್ನಿ" ಅಂದಳು. ದನಿಯಲ್ಲಿ ಹಬ್ಬ ಇತ್ತು.

ಡ್ರೈವ್‌ವೇಗೆ ತಿರುಗಿದಾಗಲೇ ನನಗೆ ಪಾಂಡಾ ಕಂಡಿತು. ಜುಬೇದಾಳನ್ನು ಒಳಗೆ ಕಳಿಸಿ ನಾನು ಹೊರಗೇ ನಿಂತೆ. ಬಾನೆಟ್ಟಿಗೆ ಕುಂಕುಮ ಹಚ್ಚಿತ್ತು, ಸ್ಟೀರಿಂಗಿಗೆ ಹೂ, ಒಳಗೆ ಊದುಬತ್ತಿಯ ವಾಸನೆ. ಸೀಟಿನ ಪ್ಲಾಸ್ಟಿಕ್ಕು ಮೊದಲಿಗಿಂತ ಬಿಗಿಯಾಗಿತ್ತು, ಮಂಜುನಾಥ ಅದರ ಅಂಚಿಗೆ ಟೇಪ್ ಬೇರೆ ಹಾಕಿದ್ದ. ನಿಧಿ ಬಂದು, "ಅಂಕಲ್, ಲುಕ್, ಇಟ್ ಓನ್ಲಿ ಹ್ಯಾಸ್ ವನ್ ಇಯರ್" ಅಂತ ಪಾಂಡಾ ತೋರಿಸಿದಳು. ಆ ಕಿವಿ ಕಿತ್ತವನು ನಾನೇ.

"ಎಲ್ಲಿಂದ ತಂದ್ರೆವ್ವಾ?" ಅಂದೆ.

ಓದು ಮುಗಿಸಿ ಊರಿಗೆ ಹೊರಟ ಹುಡುಗನೊಬ್ಬನಿಂದ ತಂದಿದ್ದರು. ಅವನು ಯಾರ್ಡಿನಲ್ಲಿ ಕೊಂಡಿದ್ದನಂತೆ. ವಿಮಾನ ಹತ್ತುವ ಹಿಂದಿನ ದಿನ ಇವರಿಗೆ ಕೊಟ್ಟು ಹೋಗಿದ್ದ, ಅವನ ಫೋನು ಈಗ ಹೋಗುವುದಿಲ್ಲ. ಅವನಿಗಾದರೂ ಏನು ಗೊತ್ತಿತ್ತೋ. ಸಾಲ ಮಾಡಿ ತಂದಿದ್ದೇವೆ, ಆದರೆ ಈ ಗಾಡಿಗೆ ಇದು ಸಸ್ತಾ ಅಂತ ಮಂಜುನಾಥ ಹೆಮ್ಮೆಯಿಂದ ಹೇಳಿದ. "ಏರ್‌ಬ್ಯಾಗಿನ ಲೈಟು ಒಂದೊಂದು ಬೆಳಿಗ್ಗೆ ಹತ್ಕೊಳ್ಳುತ್ತೆ ಅಂಕಲ್. ಬಿಸಿಲು ಬಂದ್ರೆ ಹೋಗುತ್ತೆ."

ಶಾಲಿನಿ ಜಾಮೂನಿನ ಬಟ್ಟಲು ಹಿಡಿದು ಬಂದಳು. ನಾನು ತೆಗೆದುಕೊಳ್ಳಲಿಲ್ಲ. ಹೇಳಿಬಿಟ್ಟೆ, ತಂಗಿ. ಬಶೀರನ ಅಂಗಳದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಟೇಪ್ ಕಿತ್ತು, ಪ್ಲಾಸ್ಟಿಕ್ ಎತ್ತಿ ತೋರಿಸಿದೆ. ಸೀಟಿನಲ್ಲಿ ಬೂಷ್ಟು ಹಿಡಿದಿತ್ತು.

"ವಾರಂಟ್ ಇದೆಯಲ್ಲ ಅಂಕಲ್" ಅಂದಳು ಮೆಲ್ಲಗೆ. ಎಲ್ಲರೂ ಹೇಳುವುದು ಇದನ್ನೇ. ವಾರಂಟ್ ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಸರ್ಟಿಫಿಕೇಟು. ಅದಕ್ಕೆ ಬ್ರೇಕು, ಟಯರು, ದೀಪ ನೋಡುತ್ತಾರೆ. ಪ್ಲಾಸ್ಟಿಕ್ ಬಿಚ್ಚಿ ನೋಡುವುದಿಲ್ಲ. ಲೈಟು ಹತ್ತದ ದಿನ ಒಯ್ದರೆ ಪಾಸಾಗುತ್ತದೆ.

"ಗುದ್ದಿದಾಗ ಏರ್‌ಬ್ಯಾಗ್ ಬಿಚ್ಕೊಳ್ಳದ ಇರಬೌದು. ಸುಮ್ಮನ ಹೋಗ್ತಿರುವಾಗ ಬಿಚ್ಕೊಂಡು ಮುಖಕ್ಕ ಬಡೀಬೌದು. ಹಿಂದಿನ ಸೀಟಿನ ಕೆಳಗ ದೊಡ್ಡ ಬ್ಯಾಟರಿ ಐತಿ, ಅದರದೂ ಭರೋಸಾ ಇಲ್ಲ. ಎಲ್ಲಾ ಸರಿ ಮಾಡಸಾಕ ಹೋದ್ರ ಇಂಥದ್ದು ಇನ್ನೊಂದು ಬರ್ತೈತಿ. ಇದನ್ನ ಗುಜರಿಗೆ ಕೊಡವ್ವಾ."

"ನಿಮ್ಗೇನು ಅಂಕಲ್, ಹೇಳ್ಬಿಟ್ಟು ಹೋಗ್ತೀರ" ಅಂದ ಮಂಜುನಾಥ. "ನಾಳೆ ಬೆಳಿಗ್ಗೆ ಇವಳು ಡ್ಯೂಟಿಗೆ ಯಾವುದ್ರಲ್ಲಿ ಹೋಗ್ಬೇಕು? ಹೋಗ್ಲಿ, ಯಾರಿಗಾದ್ರೂ ಕೊಟ್ಬಿಡೋಣ. ನಮಗೆ ಕೊಟ್ಟೋನು ಹೇಳಿದ್ನಾ?"

ಶಾಲಿನಿ ಬಟ್ಟಲನ್ನು ಬಾನೆಟ್ಟಿನ ಮೇಲಿಟ್ಟಳು. "ನಾನು ದಿನಾ ಇನ್ನೊಬ್ರ ಗಾಯ ಕಟ್ಟೋಳು. ಇದನ್ನ ಯಾರಿಗೆ ಅಂತ ಕೊಡ್ಲಿ? ಹೇಳ್ದೆ ನಾನು ಕೊಡಲ್ಲ. ಹೇಳಿದ್ರೆ ಯಾರು ತಗೋತಾರೆ?"

ಗುಜರಿಗೂ ಕೊಡಲಾಗಲಿಲ್ಲ. ಗಾಡಿ ಹೋದರೂ ಸಾಲ ಹೋಗುವುದಿಲ್ಲ, ಗಾಡಿಯಿಲ್ಲದಿದ್ದರೆ ಸಾಲ ತೀರಿಸುವ ಕೆಲಸವೂ ಇರುವುದಿಲ್ಲ. ನಾನು ವರ್ಕ್‌ಶಾಪಿನಲ್ಲಿ ಕೆವಿನ್ ಬದಲಿಗೆ ಬಂದವನನ್ನು ಅಗ್ಗದಲ್ಲಿ ರಿಪೇರಿಯಾಗುತ್ತದೆಯೇ ಅಂತ ಕೇಳಿ, ಆಗದು ಅನ್ನಿಸಿಕೊಂಡು, ನನ್ನ ಹಳೆಯ ಕಾರನ್ನು ಕೊಡುತ್ತೇನೆ ಅಂತ ಹೇಳಿ, ಏನೆಲ್ಲ ಮಾಡಿದೆ. ಕಾರನ್ನು ಮಂಜುನಾಥ ಒಪ್ಪಲಿಲ್ಲ. ಕೆಟ್ಟ ಸುದ್ದಿ ತಂದವನ ಕೈಯಿಂದ ಏನು ತೆಗೆದುಕೊಳ್ಳುವುದಕ್ಕೂ ಮನಸ್ಸು ಬರುವುದಿಲ್ಲ, ಅದು ನನಗೂ ಅರ್ಥವಾಗುತ್ತದೆ.

ಆ ಚಳಿಗಾಲವೆಲ್ಲ ಶಾಲಿನಿ ಅದನ್ನೇ ಓಡಿಸಿದಳು. ಮಗಳನ್ನು ಮಾತ್ರ ಅದರಲ್ಲಿ ಕೂರಿಸಲಿಲ್ಲ. ಮಳೆ ಬಂದರೂ ಕೊಡೆ ಹಿಡಿದು ನಿಧಿಯನ್ನು ಸ್ಕೂಲಿಗೆ ನಡೆಸಿಕೊಂಡು ಹೋಗಿ ಬಿಟ್ಟು, ಮನೆಗೆ ನಡೆದು ಬಂದು, ಆಮೇಲೆ ತಾನೊಬ್ಬಳೇ ಆ ಗಾಡಿ ಹತ್ತುತ್ತಿದ್ದಳು. ಇದನ್ನು ಜುಬೇದಾ ಹೇಳಿದಾಗ ನಾನು ಊಟ ಬಿಟ್ಟು ಎದ್ದೆ. ನನ್ನ ಮಾತಿನಿಂದ ಆ ಮನೆಗೆ ಸಿಕ್ಕಿದ್ದು ಇಷ್ಟೇ: ಗೊತ್ತಿಲ್ಲದೆ ನಗುತ್ತಾ ಹತ್ತುತ್ತಿದ್ದವಳು ಗೊತ್ತಿದ್ದು ಜೀವ ಹಿಡಿದುಕೊಂಡು ಹತ್ತುವ ಹಾಗಾಯಿತು. ಇಂಥ ಕೆಲಸಕ್ಕೆ ಬಂದಿದ್ದೀಯಲ್ಲ, ತಂಗಿ, ಒಮ್ಮೆ ಯೋಚನೆ ಮಾಡು.

ಒಂದು ಸಂಜೆ ಅವಳಿಂದ ಮೆಸೇಜು ಬಂತು. "ಗಾಡಿ ಹೋಯ್ತು ಅಂಕಲ್." ಗುಜರಿಗಾ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಯುಗಾದಿಗೆ ನಮ್ಮ ಕಡೆಯವರೆಲ್ಲ ಒಂದು ಹಾಲಿನಲ್ಲಿ ಸೇರುತ್ತಾರೆ, ನಾವೂ ಹೋಗುತ್ತೇವೆ. ಶಾಲಿನಿ ಕೋಸಂಬರಿ ಬಡಿಸುತ್ತಾ ಬಂದಳು. ನನ್ನ ಎಲೆಯ ಮುಂದೆ ಕೈ ನಿಂತಿತು, ಮುಖ ಎತ್ತಲಿಲ್ಲ.

"ನಾನು ಡ್ಯೂಟಿಲಿದ್ದೆ ಅಂಕಲ್" ಅಂದಳು. "ಬಿಸಿಲು ಬಂದಿತ್ತು, ಲೈಟು ಹೋಗಿತ್ತು. ನಮ್ಮನೆಯವ್ರು ವಾರಂಟ್ ಮಾಡ್ಸಿ, ಅವತ್ತೇ ಆನ್‌ಲೈನಲ್ಲಿ ಹಾಕಿದ್ರು. ನಾನು ಬರೋ ಹೊತ್ತಿಗೆ ಇರ್ಲಿಲ್ಲ."

"ಯಾರು ತಗೊಂಡ್ರು?"

"ಕೇಳ್ಳಿಲ್ಲ" ಅಂದಳು. ಎಲೆಗೆ ಕೋಸಂಬರಿ ಬಡಿಸಿ, "ಕೇಳಿದ್ರೆ ಹೋಗಿ ಹೇಳ್ಬೇಕಾಗ್ತಿತ್ತು" ಅಂದಳು. ಮುಂದಿನ ಎಲೆಗೆ ಹೋದಳು. ಆಮೇಲೆ ಅವಳು ನಮ್ಮ ಮನೆಗೆ ಬರುವುದು ನಿಂತಿತು. ಕೈಯಲ್ಲಿ ಬೇರೊಂದು ಚಿಕ್ಕ ಕಾರು ಇದೆ, ಕೆಲಸ ನಡೆಯುತ್ತಿದೆ, ಮಗಳು ಚೆನ್ನಾಗಿದ್ದಾಳೆ ಅಂತ ಬೇರೆಯವರು ಹೇಳುತ್ತಾರೆ. ಎದುರಿಗೆ ಸಿಕ್ಕರೆ ಮಾತ್ರ ರಸ್ತೆ ದಾಟುತ್ತಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಮಂಜುನಾಥನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಅದೂ ಬಹಳ ದಿನ ನಿಲ್ಲಲಿಲ್ಲ.

ನಾನು ಕೆಲಸ ಬಿಟ್ಟೆ. ಮೊಣಕಾಲು ಅಂತ ಎಲ್ಲರಿಗೂ ಹೇಳಿದೆ. ಟಾರ್ಚನ್ನು ಅಲ್ಲೇ ನನ್ನ ಹಳೆಯ ಲಾಕರಿನಲ್ಲಿ ಬಿಟ್ಟು ಬಂದಿದ್ದೇನೆ, ಬೇಕಿದ್ದರೆ ನೀನು ತೆಗೆದುಕೋ. ಗುರುತು ಹಿಡಿ, ಬಾಯಿಬಿಟ್ಟು ಹೇಳು, ಜಾಮೂನು ತಿನ್ನುವ ಮುಂಚೆ ಹೇಳು. ಅದರಿಂದ ಒಬ್ಬರು ಉಳಿಯುತ್ತಾರೆ. ಗಾಡಿ ಮುಂದಿನವರ ಮನೆಗೆ ಹೋಗುತ್ತದೆ. ಇದಕ್ಕಿಂತ ಒಳ್ಳೆಯ ಮಾತು ನನ್ನ ಹತ್ತಿರ ಇಲ್ಲ.

ಕಳೆದ ತಿಂಗಳು ಜುಬೇದಾಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತಿದ್ದೆ. ಫ್ಲ್ಯಾಟ್ ಬುಷ್‌ನ ಸಿಗ್ನಲ್ಲಿನಲ್ಲಿ ನಿಂತಿದ್ದೆವು. ಪಕ್ಕದ ಸಾಲಿನಲ್ಲಿ, ನನಗಿಂತ ಸ್ವಲ್ಪ ಮುಂದೆ, ಬೆಳ್ಳಿ ಬಣ್ಣದ ಹೈಬ್ರಿಡ್. ಹಿಂದಿನ ಬಾಗಿಲಿನ ಗಾಜಿನಲ್ಲಿ ಒಂದು ಕಿವಿಯ ಪಾಂಡಾ, ಅದರ ಪಕ್ಕದಲ್ಲಿ ಚೈಲ್ಡ್ ಸೀಟಿನಲ್ಲಿ ಒಂದು ಕೂಸು. ಡ್ರೈವರ್ ಸೀಟಿನ ಬೆನ್ನಿನ ಪ್ಲಾಸ್ಟಿಕ್ಕು ಬಿಸಿಲಿಗೆ ಹೊಳೆಯುತ್ತಿತ್ತು. ಓಡಿಸುತ್ತಿದ್ದವಳು ಚಿಕ್ಕ ಪ್ರಾಯದ ಹೆಂಗಸು, ಯಾವ ದೇಶದವಳೋ ಗೊತ್ತಾಗಲಿಲ್ಲ.

ನಾನು ಹಾರ್ನ್ ಒತ್ತಿದೆ. ಈ ಊರಿನಲ್ಲಿ ಯಾರೂ ಹಾಗೆ ಹಾರ್ನ್ ಹೊಡೆಯುವುದಿಲ್ಲ, ಹೊಡೆದರೆ ಬೈದ ಹಾಗೆ. ಜುಬೇದಾ ನನ್ನ ತೋಳು ಹಿಡಿದಳು. ಮತ್ತೆ ಒತ್ತಿದೆ, ಗಾಜು ಇಳಿಸಿ ಕೈಯಾಡಿಸಿದೆ. ಅಷ್ಟರಲ್ಲಿ ಅವಳ ಸಾಲಿಗೆ ಹಸಿರು ಬಿತ್ತು, ನನ್ನದು ಬಲಕ್ಕೆ ತಿರುಗುವ ಸಾಲು, ಇನ್ನೂ ಕೆಂಪು. ಆ ಹೆಂಗಸು ಗಾಬರಿಯಿಂದ ತಿರುಗಿ ನೋಡಿದಳು. ತಾನೇ ಏನೋ ತಪ್ಪು ಮಾಡಿದೆ ಅಂದುಕೊಂಡಿರಬೇಕು. ನನ್ನ ಕಡೆ ಕೈ ಎತ್ತಿ ಸಾರಿ ಅಂದು, ಗಾಡಿ ಮುಂದಕ್ಕೆ ಬಿಟ್ಟಳು.